ಕುಸುಮಕ್ಕನ ಅಕ್ಕ-ತಂಗಿ ದೋಣಿ

ಕೋಡಿ ಎಂಬ ಕಡಲತಡಿಯ ಊರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೊಳೆ ಕಡಲು ಸೇರುವಲ್ಲಿ, ಮರಳಿನ ಮೇಲೆ ಮೊಣಕಾಲೂರಿ ಕುಳಿತ ಕುಸುಮಕ್ಕ ದೋಣಿಯೊಂದರ ಮೈಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದಾರೆ. ಥೇಟ್ ಹಲಸಿನಹಣ್ಣು ಕೊಳ್ಳಲು ಬಂದವರ ಗತ್ತು. ಟಣ್ ಎಂದರೆ ಗಟ್ಟಿ, ಬೊದ್ ಎಂದರೆ ಒಳಗೆ ಮೆತ್ತಗಾಗಿದೆ. ಒಂದು ಕಡೆ ಕೈ ನಿಲ್ಲುತ್ತದೆ. ಇನ್ನೊಮ್ಮೆ ತಟ್ಟಿ ತಲೆಯಾಡಿಸುತ್ತಾರೆ. "ತೊಂದ್ರೆ ಇಲ್ಲೆ, ಗಟ್ಟಿ ಇತ್ತ್."

ಇದು ಜೋಡಿ ಒಡಲಿನ ಹಾಯಿದೋಣಿ, ಕಟಮರಾನ್. ಎರಡು ಸಪೂರ ದೋಣಿಗಳನ್ನು ಅಡ್ಡ ಕೊಳವೆಗಳಿಂದ ಬೆಸೆದು, ನಡುವೆ ಕೂರಲು ಬಲೆ ಬಿಗಿದಿದೆ. ತಲ್ಲೂರಿನ ಉಮಾನಾಥ ಶೆಟ್ಟರು ತಮ್ಮ ಕಡಲಬದಿಯ ಹೋಟೆಲಿನ ಅತಿಥಿಗಳಿಗೆಂದು ಗೋವಾದಿಂದ ತರಿಸಿದಾಗಲೇ ಅದಕ್ಕೆ ವಯಸ್ಸಾಗಿತ್ತು. ಯಂತ್ರದ ಬಲೆ ಬಂದು ಕುಸುಮಕ್ಕನಂಥ ಬಲೆ ಕಟ್ಟುವವರಿಗೆ ಕೆಲಸ ಕಡಿಮೆಯಾಗಿದ್ದ ದಿನಗಳವು. ಕೂರುವ ಬಲೆ ಹೊಲಿದುಕೊಡಲು ಬಂದವರು ಹೊಲಿದು ಮುಗಿಸಿ ಮನೆಗೆ ಹೋಗಲಿಲ್ಲ. ಹಾಯಿ ನೋಡಿದರು, ಕಂಬದ ತಂತಿ ನೋಡಿದರು. ಕೊನೆಗೆ ದೋಣಿಯ ಉಸ್ತುವಾರಿಯೇ ಅವರ ಪಾಲಿಗೆ ಬಂತು.

ಮೊದಲ ವರ್ಷ ಎಡವಟ್ಟೂ ಆಯಿತು. ಅಪ್ಪ ಮರದ ದೋಣಿಗೆ ಮೀನೆಣ್ಣೆ ಹಚ್ಚುವುದನ್ನು ನೋಡಿ ಬೆಳೆದವರು, ಈ ಫೈಬರ್ ದೋಣಿಗೂ ಧಾರಾಳವಾಗಿ ಬಳಿದರು. "ಹೋಟ್ಲಿಗ್ ಬಂದವ್ರ್ ಮೂಗ್ ಮುಚ್ಕಂಡ್ ಓಡಿದ್ರ್. ಊರಿನ್ ಕಾಕಿ ಎಲ್ಲ ಹಾರ್ಕಂಡ್ ಬಂದ್ ದೋಣಿ ಮೇಲ್ ಕೂಕಂಡ್ವ್!" ಎಂದು ಈಗಲೂ ಹೊಟ್ಟೆ ಹಿಡಿದು ನಗುತ್ತಾರೆ.

ಆದರೆ ಇವತ್ತು ಕುಸುಮಕ್ಕನಿಗೆ ಪರೀಕ್ಷೆ. ಕಳೆದ ವಾರ ದೋಣಿ ಎಡಕ್ಕೇ ಎಳೆದೂ ಎಳೆದೂ ಅತಿಥಿಗಳ ಸಮೇತ ಮರಳ ದಿಬ್ಬ ಹತ್ತಿ ಕುಳಿತಿತ್ತು. ನೋಡಲೆಂದೇ ದಡಕ್ಕೆ ಬಂದಿರುವ ಶೆಟ್ಟರಿಗೆ ಸಾಕಾಗಿದೆ. ಇವತ್ತೂ ನೆಟ್ಟಗೆ ಹೋಗದಿದ್ದರೆ ದೋಣಿಯನ್ನು ಹೋಟೆಲಿನ ಮುಂದೆ ನಿಲ್ಲಿಸಿ, ಮೇಲೆ ಹೂವಿನ ಕುಂಡ ಜೋಡಿಸುವುದು ಎಂದಿದ್ದಾರೆ. ಕುಂಡಗಳು ಬಂದೂ ಆಗಿವೆ. "ಓಡೂ ದೋಣಿ ಮೇಲೆ ಹೂಗಿನ್ ಚಟ್ಟಿ ಇಟ್ರೆ ನಂಗ್ ಕಾಂಬುಕಾತಿಲ್ಲೆ" ಎನ್ನುವಾಗ ಕುಸುಮಕ್ಕನ ಧ್ವನಿ ಸಣ್ಣದಾಗುತ್ತದೆ.

ಎಡದ ಒಡಲು ಅವರ ಬಾಯಲ್ಲಿ ಅಕ್ಕ, ಬಲದ್ದು ತಂಗಿ. ಒಂದೊಂದಕ್ಕೂ ಹಿಂದೆ ಒಂದೊಂದು ಚುಕ್ಕಾಣಿ. ಕುಸುಮಕ್ಕ ಹಳೆ ಬಟ್ಟೆಯಿಂದ ಕಂಬದ ತಂತಿಗಳನ್ನು ಒರೆಸುತ್ತಾರೆ. ಎಳೆ ಕಿತ್ತಿದ್ದರೆ ಬಟ್ಟೆ ಸಿಕ್ಕಿಕೊಳ್ಳಬೇಕು, ಸಿಕ್ಕಿಕೊಳ್ಳುವುದಿಲ್ಲ. ಆಮೇಲೆ ಬಲೆಯ ನೂಲು ತೆಗೆದು, ಎರಡೂ ಚುಕ್ಕಾಣಿಗಳ ಹಿಂದಿನ ಅಂಚುಗಳ ನಡುವೆ ಹಿಡಿದು ಗಂಟು ಹಾಕುತ್ತಾರೆ. ಅದೇ ನೂಲು ಮುಂದಿನ ಅಂಚುಗಳ ನಡುವೆ ಸಾಲುವುದಿಲ್ಲ, ಚುಕ್ಕಾಣಿಗಳು ಬೇರೆ ಬೇರೆ ದಿಕ್ಕಿಗೆ ತಿರುಗಿವೆ. ಸಿಕ್ಕಿಬಿದ್ದ ಕಳ್ಳ!

"ಹ್ವಾಯ್ ಶೆಟ್ರೆ, ಇಲ್ಲ್ ಕಾಣಿ! ಅಕ್ಕ ತಂಗಿ ಮುಖ ತಿರ್ಗ್ಸ್ಕಂಡ್ ಕೂಕಂಡಿದ್ರ್. ಒಬ್ಳ್ ಗಂಗೊಳ್ಳಿಗ್ ಹೋತೆ ಅಂಬುದ್, ಇನ್ನೊಬ್ಳ್ ಹೊಯ್ಗಿ ದಿಬ್ಬಕ್ ಹೋತೆ ಅಂಬುದ್. ಪಾಪ, ದೋಣಿ ಎಂತ ಮಾಡತ್ತ್?"

ಚುಕ್ಕಾಣಿಗಳನ್ನು ಜೋಡಿಸುವ ಅಡ್ಡಕೋಲಿನ ತಿರುಪು ಸಡಿಲಾಗಿದೆ. ನೂಲು ಹಿಂದೆಯೂ ಮುಂದೆಯೂ ಒಂದೇ ಸಮ ಬರುವ ತನಕ ಕೋಲನ್ನು ಸರಿಸಿ, ತಿರುಪನ್ನು ಬಿಗಿಯುತ್ತಾರೆ.

ದೋಣಿ ನಡೆಸುವ ರತನ್ ಹಾಯಿ ಎತ್ತುತ್ತಾನೆ. ಶೆಟ್ಟರು ಕೈಕಟ್ಟಿ ನಿಂತಿದ್ದಾರೆ. ದೋಣಿ ಒಮ್ಮೆ ಎಡಕ್ಕೆ ವಾಲುತ್ತದೆ. ಕುಸುಮಕ್ಕ ಸೆರಗಿನ ತುದಿ ಕಚ್ಚಿಕೊಳ್ಳುತ್ತಾರೆ. ಅಷ್ಟರಲ್ಲಿ ಹಾಯಿಗೆ ಗಾಳಿ ತುಂಬಿ, ದೋಣಿ ಎದುರು ದಡದ ಗಂಗೊಳ್ಳಿಗೆ ಗೆರೆ ಎಳೆದ ಹಾಗೆ ಹೊರಡುತ್ತದೆ. ರತನ್ ಎರಡೂ ಕೈ ಮೇಲೆತ್ತಿ ತೋರಿಸುತ್ತಾನೆ, ಚುಕ್ಕಾಣಿ ಹಿಡಿದೇ ಇಲ್ಲ! ನೋಡಿದವರಿಗೆ ಕುಣಿಯಬೇಕೆನಿಸುವಷ್ಟು ಖುಷಿ.

ಮೊದಲ ಚಪ್ಪಾಳೆ ಶೆಟ್ಟರದ್ದೇ. "ಕುಸುಮಕ್ಕ, ಗೆದ್ರಿ ಕಾಣಿ. ನಿಮ್ಗ್ ಎಂತ ಬೇಕ್, ಹೇಳಿ."

ಕುಸುಮಕ್ಕ ನೂಲು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ.

"ನಂಗೆಂತ ಬೇಡ. ಆ ಹೂಗಿನ್ ಚಟ್ಟಿ ತಂದದ್ದ್ ಇತ್ತಲ್ದಾ, ಅದ್ನ ನಮ್ಮನಿಗ್ ಕಳ್ಸಿ. ಇನ್ನ್ ನಿಮ್ಗ್ ಅದ್ ಬೇಕಾತಿಲ್ಲೆ."