ಹಿಂದಿನ ಎಡ ಚಕ್ರದ ದೀಪ

ಆಗ ನನಗೆ ಅರವತ್ತು ದಾಟಿತ್ತು. ಈ ಮಾತಿಗೆ ಹದಿನೈದು, ಹದಿನಾರು ವರ್ಷವಾಗಿರಬೇಕು. ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಶುರುಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಚಿಕ್ಕಂದಿನಿಂದ ಕಾಫಿ ತೋಟದಲ್ಲಿ ಒಬ್ಬಳೇ ಓಡಾಡಿದವಳು ನಾನು. ಆನೆ ಕಂಡಿದ್ದೇನೆ, ಹಾವು ಕಂಡಿದ್ದೇನೆ, ಬೇರೇನೂ ಕಂಡಿಲ್ಲ. ಈಗ ನಂಬುತ್ತೇನೆ ಎಂದೂ ಹೇಳುತ್ತಿಲ್ಲ. ಆದದ್ದನ್ನು ಹೇಳುತ್ತೇನೆ, ಅಷ್ಟೆ. ನನ್ನ ಓದು ಮೂರನೇ ಕ್ಲಾಸು, ಬಣ್ಣ ಕಟ್ಟಿ ಬರೆಯಲು ಬರುವುದಿಲ್ಲ.

ಮೂಡಿಗೆರೆ ಕಡೆಯ ಒಂದು ಎಸ್ಟೇಟಿನ ಬಂಗಲೆಯಲ್ಲಿ ನಾನು ಅಡುಗೆ ಕೆಲಸಕ್ಕಿದ್ದೆ. ನನ್ನ ತಮ್ಮನ ಮಗ ಶೇಖರ ಅಲ್ಲೇ ಡ್ರೈವರ್. ಕೆಲಸದವರ ಸಾಲಿನಲ್ಲಿ ಅವನಿಗೆ ಕೊಟ್ಟ ಲೈನ್ ಮನೆಯಲ್ಲೇ ಅವನ ಹೆಂಡತಿ ಮಕ್ಕಳ ಜೊತೆ ನಾನೂ ಇದ್ದೆ. ಎಸ್ಟೇಟಿನ ಗೌಡರು ಆ ವರ್ಷ ಬೆಂಗಳೂರಿನಲ್ಲಿ ಯಾರೋ ಓಡಿಸಿದ್ದ ಫಾರಿನ್ ಕಾರು ಕೊಂಡು ತಂದಿದ್ದರು. ಚಕ್ರದಲ್ಲಿ ಗಾಳಿ ಕಮ್ಮಿಯಾದರೆ ಅದೇ ದೀಪ ಹತ್ತಿಸಿ ಹೇಳುತ್ತದಂತೆ. ಲಾಳದ ಆಕಾರದ ಹಳದಿ ದೀಪ. ಯಾವ ಚಕ್ರ ಎಂದು ಪಕ್ಕದಲ್ಲಿ ಚಿತ್ರವೂ ಬರುತ್ತಿತ್ತು.

ಆ ಕಾರಿನ ಹಿಂದಿನ ಎಡಗಡೆ ಸೀಟು ಗೌಡರ ತಾಯಿಯದು. ನಾವೆಲ್ಲ ಅವರನ್ನು ಅಮ್ಮನವರು ಎನ್ನುತ್ತಿದ್ದೆವು. ಗಟ್ಟಿ ಆಸಾಮಿ, ಅವರು ಕೂತರೆ ಕಾರು ಒಂದು ಬದಿಗೆ ತಗ್ಗುತ್ತಿತ್ತು. ಮನೆ ಮುಟ್ಟಿದರೂ ತಾವಾಗಿ ಇಳಿಯುವವರಲ್ಲ. ಯಾರಾದರೂ ಬಾಗಿಲು ತೆಗೆದು "ಇಳೀರಿ ಅಮ್ಮ" ಅನ್ನಬೇಕು. ಯಾರೂ ಬರದಿದ್ದರೆ ಬಾಯಿ ಬಿಗಿದುಕೊಂಡು ಅಲ್ಲೇ ಕೂತಿರುತ್ತಿದ್ದರು. ಒಲೆಯ ಮುಂದಿನಿಂದ ಎಷ್ಟೋ ಸಲ ನಾನೇ ಎದ್ದು ಓಡಿದ್ದೇನೆ.

ಕಾಫಿ ಕುಯ್ಲು ಶುರುವಾಗುವ ಹೊತ್ತಿಗೆ ಅವರಿಗೆ ಎದೆನೋವು ಬಂತು. ಮಂಗಳೂರಿನ ಆಸ್ಪತ್ರೆಯವರು ಕೆಲವು ದಿನ ಇಟ್ಟುಕೊಂಡು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರಂತೆ. ಚಾರ್ಮಾಡಿ ಘಾಟಿ ಹತ್ತುವಾಗ ಆ ಸೀಟಿನಲ್ಲೇ ಜೀವ ಹೋಯಿತು. ತಲೆ ಎಡಗಡೆ ಬಾಗಿಲಿಗೆ ಒರಗಿತ್ತು. ಬಂಗಲೆ ಮುಟ್ಟಿದ ಮೇಲೆ, ಆ ಬಾಗಿಲು ತೆಗೆದರೆ ಬಿದ್ದುಬಿಡುತ್ತಾರೆ ಎಂದು ಬಲಗಡೆಯಿಂದ ಎಳೆದು ಇಳಿಸಿದರು. ನಮ್ಮ ಕಡೆ ಸತ್ತವರನ್ನು ಗಾಡಿಯಲ್ಲಿ ತಂದರೆ, ಎತ್ತುವ ಮೊದಲು ಮನೆಯವರೊಬ್ಬರು "ಮನೆ ಬಂತು, ಇಳಿ" ಎಂದು ಹೇಳಬೇಕು. ಅಂದಿನ ಗಡಿಬಿಡಿಯಲ್ಲಿ ಯಾರು ಹೇಳುತ್ತಾರೆ? ಗೌಡರಿಗೆ ಇಂಥದ್ದೆಲ್ಲ ಆಗುವುದೂ ಇಲ್ಲ.

ತಿಥಿ ಮುಗಿದ ಮೇಲೆ ಕಾರು ಹೊರಗೆ ತೆಗೆದರು. ಗೇಟು ದಾಟುವುದರೊಳಗೆ ದೀಪ ಹತ್ತಿತು. ಹಿಂದಿನ ಎಡ ಚಕ್ರ.

ಮೊದಲು ಚಳಿ ಎಂದರು. ಬೆಳಗಿನ ಚಳಿಗೆ ಗಾಳಿ ಕುಗ್ಗುತ್ತದೆ, ಬಿಸಿಲೇರಿದರೆ ಸರಿಹೋಗುತ್ತದೆ ಎಂದು. ಮಧ್ಯಾಹ್ನವೂ ದೀಪ ಆರಲಿಲ್ಲ. ಶೇಖರ ಗಾಳಿ ಹೊಡೆಸಿದ. ವಾಲ್ವಿಗೆ ಎಂಜಲು ಹಚ್ಚಿ ಗುಳ್ಳೆ ಬರುತ್ತದೋ ಎಂದು ನೋಡಿದ. ಚಕ್ರ ಬಿಚ್ಚಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನೋಡಿದ. ಆ ಚಕ್ರವನ್ನು ಮುಂದಕ್ಕೆ ಹಾಕಿ ಮುಂದಿನದನ್ನು ಹಿಂದಕ್ಕೆ ಹಾಕಿದ, ಆಮೇಲೆ ಸ್ಟೆಪ್ನಿಯನ್ನೂ ಹಾಕಿ ನೋಡಿದ. ದೀಪ ಮಾತ್ರ ಅದೇ ಮೂಲೆ ತೋರಿಸುತ್ತಿತ್ತು. ಆರಿಸಲು ಒಂದು ಗುಂಡಿ ಇತ್ತು. ಒತ್ತಿದರೆ ಆರುವುದು, ಮೂಡಿಗೆರೆ ಮುಟ್ಟುವುದರೊಳಗೆ ಮತ್ತೆ ಹತ್ತುವುದು. ಅವನು ಊಟಕ್ಕೆ ಬಂದರೂ ಕೈಗೆ ಗ್ರೀಸು, ಬಾಯಿಗೆ ಅದೇ ಮಾತು. ಕುಯ್ಲಿನ ಆಳುಗಳಿಗೆ ಬೇಯಿಸಿ ಬೇಯಿಸಿ ಮಂಡಿ ಹಿಡಿದಿತ್ತು ನನಗೆ, ಆ ದೀಪದ ಪುರಾಣ ಕೇಳಿ ಸಾಕಾಗಿಹೋಗಿತ್ತು.

ಕೊನೆಗೆ ಮಂಗಳೂರಿನ ಗ್ಯಾರೇಜಿಗೆ ಹೋದರು. ಅಲ್ಲಿ ಕಂಪ್ಯೂಟರ್ ಸಿಕ್ಕಿಸಿ ನೋಡಿ, ವೈರು, ಚಕ್ರ ಎಲ್ಲ ಸರಿಯಿದೆ ಎಂದರಂತೆ. ಈ ಕಾರು ಗಾಳಿ ಅಳೆಯುವುದಿಲ್ಲ, ಚಕ್ರ ಉರುಳುವುದನ್ನು ಲೆಕ್ಕ ಹಾಕುತ್ತದೆ. ಒಂದು ಮೂಲೆಯ ಮೇಲೆ ಭಾರ ಬಿದ್ದರೂ ಟೈರು ಕುಗ್ಗಿ ಗಾಳಿ ಕಮ್ಮಿಯಾದ ಹಾಗೆ ಕಾಣುತ್ತದೆ. ಹಿಂದಿನ ಎಡಗಡೆ ಯಾವಾಗಲೂ ಏನಾದರೂ ಭಾರ ಇರುತ್ತದೆಯೇ ಎಂದು ಕೇಳಿದರಂತೆ.

ಆ ಒಂದು ಮಾತು ಸಾಕಾಯಿತು ಗೌಡರಿಗೆ. ಅದು ಕಣದಲ್ಲಿ ಕಾಫಿ ಒಣಗುತ್ತಿದ್ದ ಕಾಲ. ವಾಪಸು ಬಂದವರೇ ಅಡುಗೆಮನೆಯ ಹಿಂದೆ ಶೇಖರನನ್ನು ನಿಲ್ಲಿಸಿಕೊಂಡು, ಬೀಗದ ಕೈ ನಿನ್ನ ಹತ್ತಿರವೇ ಇರುತ್ತದೆ, ನಾನಿಲ್ಲದಾಗ ಕಾರು ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಆಮೇಲೆ ದನಿ ಏರಿಸದೆ ಹೇಳಿದರು:

"ಹಿಂದಿನ ಸೀಟಲ್ಲಿ ಕಾಫಿ ಮೂಟೆ ಹೇರ್ಕಂಡು ಹೋಗ್ತಿದೀಯ ಅಲ್ವಾ? ನಾಳೆನೂ ದೀಪ ಹತ್ತಿದ್ರೆ ಕೀ ಕೊಟ್ಟು ಮನೆ ಖಾಲಿ ಮಾಡು."

ಕಳ್ಳ ಎನ್ನಿಸಿಕೊಂಡು ಹೊರಟವನಿಗೆ ಈ ಸುತ್ತಿನಲ್ಲಿ ಬೇರೆ ಯಾವ ಎಸ್ಟೇಟಿನಲ್ಲೂ ಕೆಲಸ ಸಿಗುವುದಿಲ್ಲ. ಅವನು ಹಾಗೆ ಮಾಡುವವನಲ್ಲ ಎಂದು ನಾನು ಹೇಳಿದೆ. ಗೌಡರು ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾರು ಶೆಡ್ಡಿಗೆ ಹೋದೆ. ಶೇಖರ ಹೊರಗೆ ಕಲ್ಲಿನ ಮೇಲೆ ತಲೆಗೆ ಕೈ ಕೊಟ್ಟು ಕೂತಿದ್ದ. ಅವನ ಬೆನ್ನು ಕಾರಿಗಿತ್ತು. ನನ್ನನ್ನು ಕಂಡವನು ಮೆಲ್ಲಗೆ ಕೇಳಿದ:

"ಅತ್ತೆ, ಅವತ್ತು ಅಮ್ಮನವ್ರಿಗೆ ಇಳೀರಿ ಅಂತ ಯಾರಾದ್ರೂ ಅಂದಿದ್ರಾ?"

"ಸುಮ್ನಿರು ಮಾರಾಯ. ದೀಪ ಹತ್ತೋದು ವೈರಿಂದ, ಸತ್ತೋರಿಂದಲ್ಲ."

"ವೈರು ನೋಡಿ ಆಯ್ತಲ್ಲ. ಇನ್ನು ಉಳ್ದಿರೋದು ಸತ್ತೋರೇ."

ನನಗೆ ಸಿಟ್ಟು ಬಂತು. ಅವನ ಬಾಯಿ ಮುಚ್ಚಿಸಿದರೆ ಸಾಕು, ಹೋಗಿ ಒಲೆ ನೋಡಿಕೊಂಡೇನು ಎಂದು ಒಳಗೆ ಹೋಗಿ ಹಿಂದಿನ ಎಡಗಡೆ ಬಾಗಿಲು ತೆಗೆದೆ. ಸೀಟು ಖಾಲಿ. ಅಮ್ಮನವರಿಗೆ ದಿನವೂ ಹೇಳುತ್ತಿದ್ದ ದನಿಯಲ್ಲೇ ಹೇಳಿದೆ.

"ಅಮ್ಮ, ಮನೆ ಬಂತು. ಇಳೀರಿ. ಒಲೆ ಮೇಲೆ ಸಾರು ಇಟ್ಟು ಬಂದೀನಿ."

ಬಾಗಿಲು ನನ್ನ ಕೈಯಲ್ಲೇ ಇತ್ತು. ಅದು ಕೈಯಲ್ಲಿದ್ದ ಹಾಗೆಯೇ ಮೇಲಕ್ಕೆದ್ದಿತು. ಹೆಚ್ಚಲ್ಲ, ಎರಡು ಬೆರಳಿನಷ್ಟು. ಭಾರದ ಮನುಷ್ಯರು ಇಳಿದಾಗ ಕಾರು ಉಸಿರು ಬಿಟ್ಟು ಏಳುತ್ತದಲ್ಲ, ಹಾಗೆ. ಸ್ಪ್ರಿಂಗಿನ ಸದ್ದೂ ಕೇಳಿತು.

"ಕಾರು ಅಲ್ಲಾಡಿಸ್ದ್ಯಾ ಅತ್ತೆ?" ಎಂದು ಶೇಖರ ಹೊರಗಿನಿಂದ ಕೇಳಿದ.

ಇಲ್ಲ ಎಂದೆ. ಬಾಗಿಲು ಹಾಕಿದೆ. ಯಾರಿಗೆ ದಾರಿ ಬಿಟ್ಟೆನೋ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಿದ್ದೆ.

ಅಲ್ಲಿ ಜಾಕ್ ಇಟ್ಟಿರಲಿಲ್ಲ, ನೆಲ ಸಿಮೆಂಟಿನದು, ಜಾರುವಂಥದ್ದೇನೂ ಇರಲಿಲ್ಲ. ನನಗೆ ಸುಸ್ತಾಗಿತ್ತು, ಸುಸ್ತಾದ ಕೈಗೆ ಏನೇನೋ ಅನ್ನಿಸೀತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹಾಗಾದರೆ ಸದ್ದು ಶೇಖರನಿಗೆ ಹೇಗೆ ಕೇಳಿತು? ತಿಳಿದವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಯಾವುದೂ ನನ್ನ ಕೈಗೆ ತಿಳಿದದ್ದಕ್ಕೆ ಹೊಂದಲಿಲ್ಲ. ಇವತ್ತಿಗೂ ಹೊಂದಿಲ್ಲ.

ಮಾರನೆಯ ಬೆಳಿಗ್ಗೆ ಗೌಡರು ದೀಪ ನೋಡಲೆಂದೇ ಕಾರಿನಲ್ಲಿ ಮುಂದೆ ಕೂತರು. ನನಗೆ ಮೂಡಿಗೆರೆಯಲ್ಲಿ ಸಾಮಾನು ತರುವುದಿತ್ತು. ಹಿಂದಿನ ಬಾಗಿಲು ತೆಗೆದು ಎಡಗಡೆ ಸೀಟಿನಲ್ಲೇ ಕೂತೆ. ಅಲ್ಲಿ ಯಾವತ್ತೂ ಕೂತವಳಲ್ಲ. ಗೌಡರು ತಿರುಗಿ ನೋಡಿದರು. ನಾನೇನು ಕಡ್ಡಿಯಲ್ಲ, ಭಾರಕ್ಕೆ ಹತ್ತುವ ದೀಪವಾದರೆ ನನಗೂ ಹತ್ತಲಿ ಎಂದು ಕೂತೆ. ಹೋಗುವಾಗಲೂ ಹತ್ತಲಿಲ್ಲ, ಬರುವಾಗಲೂ ಹತ್ತಲಿಲ್ಲ. ಗೌಡರು ಮೂಟೆಯ ಮಾತು ಎತ್ತಲಿಲ್ಲ. ಕೀ ಶೇಖರನ ಹತ್ತಿರವೇ ಉಳಿಯಿತು. ಬಂಗಲೆಯ ಮುಂದೆ ಕಾರು ನಿಂತಾಗ ಅವನು ಬಾಗಿಲು ತೆಗೆಯಲು ಸುತ್ತಿ ಬರುತ್ತಿದ್ದ. ಅವನು ಬಂದು ಹೇಳುವ ಮೊದಲೇ ನಾನು ಇಳಿದುಬಿಟ್ಟೆ.