ಬಾಂಗ್ ತಿಳಿಸಿದ ಬೆಲ್

ನಾನು ಐದನೇ ಕ್ಲಾಸಿನಲ್ಲಿದ್ದ ಆ ದಿನಗಳಲ್ಲಿ ರಂಜಾನ್ ಉಪವಾಸದ ನೋಂಬು ಜೋರು ಮಳೆಗಾಲದಲ್ಲೇ ಬರುತ್ತಿತ್ತು. ಉಪ್ಪಿನಂಗಡಿಯಲ್ಲಿ ನಮ್ಮ ಮನೆ ರಸ್ತೆಯಿಂದ ಮೂವತ್ತು ಮೆಟ್ಟಿಲು ಕೆಳಗೆ. ಅಡುಗೆಮನೆಗೆ ಶೀಟಿನ ಮಾಡು. ಮಳೆ ಹಿಡಿದರೆ ಪಕ್ಕದಲ್ಲಿ ಕೂತವರ ಮಾತೇ ಕೇಳಿಸದು, ಇನ್ನು ಮಸೀದಿಯ ಮೈಕಿನಿಂದ ಬರುವ ಸಂಜೆಯ ಬಾಂಗ್ ಕೇಳಿಸುವುದೆಲ್ಲಿಂದ? ಗೋಡೆಯ ಗಡಿಯಾರವನ್ನು ನಂಬುವ ಹಾಗಿರಲಿಲ್ಲ. ನನ್ನ ಶಾಲೆಯ ಬಸ್ಸು ತಪ್ಪಬಾರದೆಂದು ಉಮ್ಮ ಅದನ್ನು ಹತ್ತು ನಿಮಿಷ ಮುಂದೆ ಇಟ್ಟಿದ್ದರು. ಅಜ್ಜಿಗಂತೂ ಯಾವ ಗಡಿಯಾರವೂ ಆಗುತ್ತಿರಲಿಲ್ಲ. ಬಾಂಗ್ ಆಗದೆ ಅವರು ನೋಂಬು ಬಿಡುತ್ತಿರಲಿಲ್ಲ.

ಆದ್ದರಿಂದ ಬಾಂಗ್ ಕೇಳಿ ಬರುವ ಕೆಲಸ ನನ್ನದಾಗಿತ್ತು. ಕೊಡೆ ಹಿಡಿದು ರಸ್ತೆ ಬದಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಮೈಕ್ ಕರಕರ ಅಂದ ಕೂಡಲೇ ಮೆಟ್ಟಿಲಿಳಿದು ಓಡುತ್ತಿದ್ದೆ. ಅಡುಗೆಮನೆಯಲ್ಲಿ ತುಪ್ಪದಲ್ಲಿ ಹುರಿದ ಈರುಳ್ಳಿಯ ಪರಿಮಳ, ಲೋಟಗಳಲ್ಲಿ ಹಬೆಯಾಡುವ ರವೆಯ ತರಿಕಂಜಿ. ಅಜ್ಜಿ ತಟ್ಟೆಯಿಂದ ಮೊದಲ ಖರ್ಜೂರ ತೆಗೆದು ಒದ್ದೆಯಾದ ನನ್ನ ಅಂಗೈಗೆ ಇಡುತ್ತಿದ್ದರು. ಎರಡನೆಯದು ಅವರಿಗೆ. ಆ ಒಂದು ಖರ್ಜೂರದ ಗತ್ತು ನನಗೆ ಮರುದಿನದವರೆಗೆ ಇರುತ್ತಿತ್ತು.

ಆ ವರ್ಷ ಕಡಬದಿಂದ ದೊಡ್ಡಪ್ಪನ ಮಗಳು ಮುಮ್ತಾಜ್ ಬಂದಳು. ಅವಳ ಉಮ್ಮನಿಗೆ ಹೆರಿಗೆಯಾಗಿತ್ತು, ನೋಂಬು, ಹಬ್ಬ ಎಲ್ಲ ಮುಗಿಯುವವರೆಗೆ ಅವಳು ನಮ್ಮಲ್ಲಿ. ನನಗಿಂತ ಒಂದು ವರ್ಷ ಚಿಕ್ಕವಳು. ಅವಳ ಕೈಗೆ ಸಿಕ್ಕ ಯಾವ ವಸ್ತುವೂ ಮಾಡಬೇಕಾದ ಕೆಲಸವನ್ನಷ್ಟೇ ಮಾಡಿ ಸುಮ್ಮನಿರುತ್ತಿರಲಿಲ್ಲ. ಬಾಪ ಗಲ್ಫಿನಿಂದ ಕಳಿಸಿದ್ದ ಕೂದಲು ಒಣಗಿಸುವ ಮಿಷನಿನ ಬಾಯಿಗೆ ನನ್ನ ಒದ್ದೆ ಸಾಕ್ಸು ಸಿಕ್ಕಿಸಿ ಒಣಗಿಸಿದಳು. ಕೆಟ್ಟ ಸ್ಪೀಕರಿನ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ ಬಾವಿಗೆ ಬಿದ್ದಿದ್ದ ಕೀಗೊಂಚಲು ಎತ್ತಿದಳು. ಉಮ್ಮ ನೆರೆಮನೆಯವರನ್ನೆಲ್ಲ ಕರೆದು ಅವಳ ತಲೆ ಎಷ್ಟು ಚುರುಕೆಂದು ಹೇಳಿದ್ದೇ ಹೇಳಿದ್ದು. ನನ್ನ ತಲೆಯ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಒಣಗಿದ ಸಾಕ್ಸು ಹಾಕಿಕೊಂಡು ಹೊಟ್ಟೆ ಉರಿಸಿಕೊಂಡೇ ಶಾಲೆಗೆ ಹೋದೆ.

ಕಪಾಟಿನಲ್ಲಿ ವಯರಿಲ್ಲದ ಬಾಗಿಲ ಬೆಲ್ಲೊಂದಿತ್ತು. ಅದೂ ಗಲ್ಫಿನದ್ದೇ. ಹಗಲಿಡೀ ಬಾಗಿಲು ತೆರೆದೇ ಇರುವ ಮನೆಗೆ ಬೆಲ್ ಎಂತಕ್ಕೆಂದು ಅಜ್ಜಿ ಒಳಗಿಟ್ಟಿದ್ದರು. ಮುಮ್ತಾಜ್ ಅದರ ಪೆಟ್ಟಿಗೆಯನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿ, ಬಟನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬಸ್ ಸ್ಟ್ಯಾಂಡಿಗೆ ಒಯ್ದಳು. ಬಾಂಗ್ ಆದದ್ದೇ ಒತ್ತಿದಳು. ಅಡುಗೆಮನೆಯಲ್ಲಿ ಪೆಟ್ಟಿಗೆಯೊಳಗಿನ ಹಕ್ಕಿ ಉಲಿಯಿತು. ಅಜ್ಜಿ ಮಗುವಿನ ಹಾಗೆ ನಕ್ಕರು.

"ಇನ್ನು ನೀನು ಮಳೆಯಲ್ಲಿ ಓಡುದು ಬೇಡ ಮಗಳೇ," ಎಂದು ನನಗೆ ಹೇಳಿದರು.

ಪ್ರೀತಿಯಿಂದಲೇ ಹೇಳಿದ್ದು. ಆದರೆ ಮುಮ್ತಾಜ್ ನಿಧಾನವಾಗಿ ಮೆಟ್ಟಿಲಿಳಿದು ಬರುವವರೆಗೆ ಕಾದು, ಮೊದಲ ಖರ್ಜೂರವನ್ನು ಅವಳ ಕೈಗಿಟ್ಟರು. ಅವಳ ಕೈ ಒದ್ದೆಯೂ ಆಗಿರಲಿಲ್ಲ. ದಿನಾ ಹೀಗೇ ಆಯಿತು. ನಾನೂ ಬಟನ್ ಒತ್ತುತ್ತೇನೆಂದರೆ, ಬೆಲ್ ಅವಳು ಕಟ್ಟಿದ್ದು, ಅವಳೇ ಒತ್ತಲಿ ಎಂದರು ಉಮ್ಮ. ಆ ಹಕ್ಕಿಯ ಕತ್ತು ಹಿಸುಕಬೇಕೆನಿಸುತ್ತಿತ್ತು.

ಇಪ್ಪತ್ತನೆಯ ನೋಂಬಿನ ದಿನ ಮುಮ್ತಾಜಿಗೆ ಜ್ವರ ಬಂತು. ಬಟನ್ ನನ್ನ ಕೈಗೆ ಸಿಕ್ಕಿತು. ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ನಿಂತಿದ್ದೆ, ಮಳೆ ಧೋ ಎಂದು ಸುರಿಯುತ್ತಿತ್ತು. ಬೆಲ್ ಒಂದು ಸಲ ಸುಳ್ಳು ಹೇಳಿದರೆ ಅಜ್ಜಿ ಅದನ್ನು ಮತ್ತೆ ಕಪಾಟಿಗೆ ಹಾಕುತ್ತಾರೆ, ಓಡುವ ಕೆಲಸ ಮತ್ತೆ ನನ್ನದಾಗುತ್ತದೆ. ಅಷ್ಟೇ ಯೋಚಿಸಿದ್ದು. ಮೈಕ್ ಇನ್ನೂ ಬಾಯಿ ತೆರೆದಿರಲಿಲ್ಲ. ಒತ್ತಿಬಿಟ್ಟೆ.

ಕೆಳಗೆ ಹೋಗಿ ನೋಡಿದರೆ ಉಮ್ಮ ಇನ್ನೂ ತರಿಕಂಜಿ ಸುರಿಯುತ್ತಿದ್ದರು. ಅಜ್ಜಿ ನನಗೆ ಕಾದಿರಲಿಲ್ಲ, ಅವರ ಬಾಯಲ್ಲಿ ಖರ್ಜೂರ ಇತ್ತು. ಅದೇ ಹೊತ್ತಿಗೆ ಮಳೆ ನಿಂತಿತು. ನಿಂತದ್ದೇ, ಮೇಲಿನಿಂದ ಬಾಂಗ್ ಶುರುವಾಯಿತು. ಅಜ್ಜಿ ಅಗಿಯುವುದನ್ನು ನಿಲ್ಲಿಸಿದರು. ಹದಿನಾಲ್ಕು ಗಂಟೆ ಹಿಡಿದ ನೋಂಬು, ಅರವತ್ತು ವರ್ಷದಲ್ಲಿ ಒಮ್ಮೆಯೂ ಕೈತಪ್ಪಿ ಮುರಿಯದ್ದು, ಎರಡು ನಿಮಿಷಕ್ಕೆ ಹೋಯಿತು.

"ಬೆಲ್ ತಾನಾಗಿಯೇ ಹೊಡೆಯಿತು," ಎಂದೆ. "ನೀರು ಹೋಗಿರ್ಬೇಕು."

ಯಾರೂ ಬೈಯಲಿಲ್ಲ. ಅಜ್ಜಿ ಬಾಯಿ ತೊಳೆದು ಬಂದು, ಒಂದು ನೋಂಬು ತಾನೇ, ಹಬ್ಬ ಮುಗಿದ ಮೇಲೆ ಹಿಡಿದರಾಯ್ತು ಎಂದರು. ಸ್ವರ ಮಾತ್ರ ಸಣ್ಣದಾಗಿತ್ತು. ಮರುದಿನ ಬೆಲ್ ಕಪಾಟು ಸೇರಿತು, ನಾನು ಮತ್ತೆ ಓಡಿದೆ. ಒದ್ದೆ ಅಂಗೈಗೆ ಖರ್ಜೂರವೂ ಬಂತು, ಆದರೆ ಅದನ್ನು ಅಜ್ಜಿಯ ಮುಖ ನೋಡದೆ ತಿಂದೆ. ಮುಮ್ತಾಜ್ ಮೂಲೆಯಲ್ಲಿ ಕೂತು ಬಟನಿನ ಸ್ಕ್ರೂ ಬಿಚ್ಚಿ ಒಳಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಮತ್ತೆ ಸ್ಕ್ರೂ ಹಾಕಿದಳು.

ಹಬ್ಬದ ಮೂರನೇ ದಿನ ಅಜ್ಜಿ ಆ ನೋಂಬು ಹಿಡಿದರು. ತಾನು ಕಟ್ಟಿದ ಬೆಲ್ಲಿನಿಂದ ಆದದ್ದೆಂದು ಹೇಳಿ ಮುಮ್ತಾಜ್ ಕೂಡ ಜೊತೆಗೆ ಹಿಡಿದಳು. ಮಧ್ಯಾಹ್ನ ಅವರಿಬ್ಬರ ಎದುರಿನಲ್ಲೇ ನಾನು ಹಬ್ಬದ ಉಳಿದ ಬಿರಿಯಾನಿ ಉಂಡೆ. ಸಂಜೆ ಚಾವಡಿಯಲ್ಲಿ ಇಬ್ಬರೇ ಒತ್ತಿಕೊಂಡು ಕೂತಿದ್ದರು. ಬಾಂಗ್ ಆಯಿತೆಂದು ಓಡಿ ಬಂದು ಹೇಳಿದವಳು ನಾನು. ಅಜ್ಜಿ ಖರ್ಜೂರ ತೆಗೆದು ಅವಳ ಬಾಯಿಗೇ ಇಟ್ಟರು. ನೋಂಬಿಲ್ಲದ ನಾನು ಕೈ ಚಾಚುವ ಹಾಗೂ ಇರಲಿಲ್ಲ.

ಈಗ ನೋಂಬು ಬೇಸಿಗೆಗೆ ಸರಿದಿದೆ. ಪುತ್ತೂರಿನ ನನ್ನ ಮನೆಗೆ ಟೆರೇಸಿದೆ, ಮಳೆ ಬಂದರೂ ಗೊತ್ತಾಗುವುದಿಲ್ಲ. ಫೋನೇ ಬಾಂಗ್ ಕೊಡುತ್ತದೆ. ಓಡುವವರೂ ಬೇಡ, ಓಡಿ ಬರುವವರಿಗೆ ಕಾಯುವವರೂ ಇಲ್ಲ. ಅಜ್ಜಿ ಹೋಗಿ ಆರು ವರ್ಷವಾಯಿತು. ಮುಮ್ತಾಜ್ ಸುಳ್ಯದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾಳೆ. ಅದಕ್ಕೂ ನನಗೆ ಹೊಟ್ಟೆಕಿಚ್ಚೇ.

ಕಳೆದ ನೋಂಬಿನ ಒಂದು ಸಂಜೆ, ಎಣ್ಣೆ ಕಾಯುತ್ತಿದ್ದಾಗ, ಅವಳಿಗೆ ಫೋನ್ ಮಾಡಿ ಎಲ್ಲವನ್ನೂ ಒಪ್ಪಿಕೊಂಡೆ.

"ಬಟನ್ ಒಣಗಿಯೇ ಇತ್ತಲ್ಲ ಮಾರಾಯ್ತಿ," ಎಂದಳು. "ನಾನು ಅವತ್ತೇ ಅಜ್ಜಿಗೆ ತೋರಿಸಿದ್ದೆ. ನಿನಗೆ ಗೊತ್ತಾಗುದು ಬೇಡ, ನಮ್ಮಿಬ್ಬರಲ್ಲೇ ಇರಲಿ ಅಂದ್ರು."

ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷ ಅಜ್ಜಿಯ ಒಂದು ಗುಟ್ಟು ಅವಳ ಹತ್ತಿರ ಇತ್ತು, ಅದೂ ನನ್ನದೇ ಗುಟ್ಟು. ಅಷ್ಟರಲ್ಲಿ ಫೋನು ಬಾಂಗ್ ಕೊಟ್ಟಿತು. ಆಮೇಲೆ ಮಾತಾಡುತ್ತೇನೆಂದು ಇಟ್ಟುಬಿಟ್ಟೆ. ತಟ್ಟೆಯಿಂದ ಒಂದು ಖರ್ಜೂರ ತೆಗೆದು, ನನ್ನ ಅಂಗೈಗೆ ನಾನೇ ಇಟ್ಟುಕೊಂಡೆ.