ಹಿತ್ತಿಲ ಜಗಲಿಯ ಸಿಗಡಿಗಳು

ಮದುವೆಯಾಗಿ ಎರ್ನಾಕುಲದ ಬಾಡಿಗೆ ಮನೆಗೆ ಬಂದಾಗ ನನ್ನ ಕೈಯಲ್ಲಿ ಪ್ರಾಣಿಶಾಸ್ತ್ರದ ಪದವಿ ಇತ್ತು. ಮಂಗಳೂರಿನಲ್ಲಿ ಓದಿದ್ದೆ. ನನ್ನ ಗಂಡ ಕಾಸರಗೋಡಿನ ಕಡೆಯವರು, ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿ ಗುಮಾಸ್ತರು. ಪ್ರತಿದಿನ ಬೋಟು ಹತ್ತಿ ಹಿನ್ನೀರು ದಾಟಿ ಕೆಲಸಕ್ಕೆ ಹೋಗುತ್ತಿದ್ದರು. ಅವರು ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಸಂಜೆ ನೇರ ಮನೆಗೆ ಬರುತ್ತಿದ್ದರು. ಅವರ ವಿಷಯ ಬರೆಯುವಾಗ ಇಷ್ಟನ್ನು ಮೊದಲು ಹೇಳದಿದ್ದರೆ ಅನ್ಯಾಯವಾಗುತ್ತದೆ.

ಅದು ಐವತ್ತರ ದಶಕದ ಕೊನೆ. ಕೇರಳವೆಂಬ ರಾಜ್ಯ ಆಗಿ ಹೆಚ್ಚು ಕಾಲವಾಗಿರಲಿಲ್ಲ. ಎರ್ನಾಕುಲದಲ್ಲಿ ಮೀನು, ಸಿಗಡಿಗಳ ಬಗ್ಗೆ ಸಂಶೋಧನೆ ನಡೆಸುವ ಒಂದು ಕಚೇರಿ ಇತ್ತು. ಅಲ್ಲಿ ಸಹಾಯಕಿಯ ಕೆಲಸಕ್ಕೆ ಅರ್ಜಿ ಹಾಕಿದ್ದೆ, ಸಂದರ್ಶನಕ್ಕೆ ಕರೆ ಬಂತು. ಗಂಡನಿಗೆ ಹೇಳಿದಾಗ ಅವರು ಊಟದ ಎಲೆಯಿಂದ ಮುಖವೆತ್ತಿದರು.

"ಮೀನಿನ ಕಚೇರಿಗಾ? ಊರಲ್ಲಿ ಕೇಳಿದರೆ ನಾನು ಎಂತ ಹೇಳುವುದು? ಹೆಂಡತಿ ಮೀನು ಕೊಯ್ಲಿಕ್ಕೆ ಹೋಗ್ತಾಳೆ ಅಂತಲಾ?"

"ಕೊಯ್ಯುವುದಲ್ಲ. ಮರಿ ಮಾಡಿಸುವುದು, ಸಾಕುವುದು, ನೋಡುವುದು."

"ಅಷ್ಟೇ ಆದರೆ ಮನೆಯಲ್ಲೇ ಸಾಕು. ಯಾರು ಬೇಡ ಅಂತಾರೆ?"

ಮಾತು ಮುಗಿಸುವುದಕ್ಕಾಗಿ ಅಂದದ್ದು. ನಾನು ಅದನ್ನೇ ಅನುಮತಿಯೆಂದು ಹಿಡಿದುಕೊಂಡೆ. ಸಂದರ್ಶನದ ದಿನ ಮನೆಯಲ್ಲೇ ಕೂತು, ಮಟ್ಟಂಚೇರಿಯ ಚಹಾ ಗೋದಾಮಿನಿಂದ ಬಂದ ಹಳೆಯ ಪೆಟ್ಟಿಗೆಗಳನ್ನು ಒಡೆದು, ಹಲಗೆ ಹಲಗೆಗೆ ಮೊಳೆ ಹೊಡೆದು ಒಂದು ಅಟ್ಟಣಿಗೆ ಮಾಡಿದೆ. ಹಿತ್ತಿಲ ಕಡೆಯ ಜಗಲಿಯಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿದೆ. ಅದರ ಮೇಲೆ ಮಿಠಾಯಿ ಅಂಗಡಿಯವರು ಪೆಪ್ಪರಮಿಂಟು ತುಂಬಿಡುವ ದೊಡ್ಡ ಗಾಜಿನ ಜಾಡಿಗಳನ್ನು ಸಾಲಾಗಿ ಇಟ್ಟು ನೀರು ತುಂಬಿದೆ. ನೀರಿಗೆ ಎಷ್ಟು ಭಾರವಿದೆಯೆಂಬುದು ಪುಸ್ತಕ ಓದಿದವಳಿಗೆ ಹೊಳೆದಿರಲಿಲ್ಲ. ನಡುವಿನ ಹಲಗೆ ಬಿಲ್ಲಿನಂತೆ ಬಾಗಿತು, ಮೊಳೆ ಕಿತ್ತಿತು, ಎಲ್ಲವೂ ನೆಲಕ್ಕೆ ಬಂತು. ಸಂಜೆ ಗಂಡ ಗಾಜಿನ ಚೂರುಗಳ ರಾಶಿ ನೋಡಿ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಗಿನ್ನೂ ಒಟ್ಟಿಗೆ ನಗುತ್ತಿದ್ದೆವು.

ಎರಡನೆಯ ಸಲ ಬಡಗಿಯನ್ನು ಕರೆಸಿದೆ. ಹೆಬ್ಬಲಸಿನ ದಪ್ಪ ಕಾಲುಗಳು, ಪ್ರತಿ ಅಟ್ಟದ ಕೆಳಗೆ ಅಡ್ಡಪಟ್ಟಿಗಳು. ಇರುವೆ ಹತ್ತದಂತೆ ಕಾಲುಗಳನ್ನು ನೀರು ತುಂಬಿದ ತಗಡಿನ ಡಬ್ಬಗಳಲ್ಲಿ ನಿಲ್ಲಿಸಿದೆ. ಕಮ್ಮಾರನಿಂದ ತೊಟ್ಟಿಗಳಿಗೆ ಕಬ್ಬಿಣದ ಚೌಕಟ್ಟು ಮಾಡಿಸಿ, ಕಿಟಕಿಗೆ ಗಾಜು ಕೂರಿಸುವ ಪುಟ್ಟಿಯಿಂದ ನಾನೇ ಗಾಜು ಅಂಟಿಸಿದೆ. ಎಲ್ಲ ತೊಟ್ಟಿಗಳೂ ಸೋರಿದವು. ಒರೆಸಿ, ಒಣಗಿಸಿ, ಮತ್ತೆ ಪುಟ್ಟಿ ಮೆತ್ತಿ, ಮತ್ತೆ ನೀರು ತುಂಬಿ ನೋಡಿದೆ. ಸೋರುವುದು ನಿಂತಾಗ ಪುಟ್ಟಿಯ ಎಣ್ಣೆ ನೀರಿನ ಮೇಲೆ ಕೆನೆಯಂತೆ ಕಟ್ಟಿತು. ಮೊದಲು ಬಿಟ್ಟ ಗಪ್ಪಿ ಮೀನುಗಳು ಅದರಲ್ಲೇ ಸತ್ತವು. ಹೊಸ ತೊಟ್ಟಿಯ ನೀರನ್ನು ಎಣ್ಣೆಯ ವಾಸನೆ ಹೋಗುವ ತನಕ ಬದಲಿಸುತ್ತಿರಬೇಕೆಂದು ಕಲಿತದ್ದು ಹಾಗೆ.

ತೊಟ್ಟಿಗಳಿಗೆ ಗಾಳಿ ಊದುವ ಯಂತ್ರ ನಮ್ಮಂಥವರ ಮನೆಗೆ ಬರುವ ಕಾಲ ಅದಲ್ಲ. ಮೇಲಿನ ಅಟ್ಟದಲ್ಲಿ ವನಸ್ಪತಿಯ ಖಾಲಿ ಡಬ್ಬಗಳನ್ನಿಟ್ಟು, ತಳಕ್ಕೆ ಮೊಳೆಯಿಂದ ತೂತು ಮಾಡಿ, ಹತ್ತಿಯ ಬತ್ತಿ ಸಿಕ್ಕಿಸಿದೆ. ನೀರು ತೊಟ್ಟು ತೊಟ್ಟಾಗಿ ಕೆಳಗಿನ ತೊಟ್ಟಿಗೆ ಬೀಳುತ್ತಿತ್ತು. ಅದೇ ಅವಕ್ಕೆ ಉಸಿರು. ಬಿಸಿಲು ಬೀಳುವ ತುದಿಯಲ್ಲಿ ಒಂದು ಜಾಡಿ ನೀರನ್ನು ಪಾಚಿಗಟ್ಟಲು ಬಿಟ್ಟೆ. ಆ ಹಸಿರು ನೀರು ಮರಿಗಳ ಆಹಾರ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಮರಿಗಳಿಗೆ ಹಾಕುವುದುಂಟು, ಆದರೆ ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ, ಬೇರೆ ಉಪಾಯವಿರಲಿಲ್ಲ.

ಗಪ್ಪಿಗಳು ಸಲೀಸಾಗಿ ಮರಿ ಹಾಕಿದವು. ಹಳದಿ ಬಣ್ಣದ, ಅಂಗೈಯೊಳಗೆ ಹಿಡಿಯುವ ಪಳ್ಳತ್ತಿ ಮೀನಿನ ಜೋಡಿಯೊಂದು ಹೆಂಚಿನ ಚೂರಿನ ಮೇಲೆ ಮೊಟ್ಟೆಯಿಟ್ಟು, ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕಾವಲು ಕಾದವು. ಸಿಗಡಿ ಮಾತ್ರ ಮಣಿಯಲಿಲ್ಲ. ಮನೆಯ ಹಿಂದಿನ ತೋಡಿನಲ್ಲಿ ಗಾಜಿನಷ್ಟು ತಿಳಿಯಾದ ಸಣ್ಣ ಸಿಗಡಿಗಳಿದ್ದವು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಹಾ ಸೋಸುವ ಬಟ್ಟೆಯಲ್ಲಿ ಅವನ್ನು ಹಿಡಿಯುವಾಗ ಪಕ್ಕದ ಮನೆಯ ಚೇಚ್ಚಿ ಬೇಲಿಯಾಚೆಯಿಂದ ಕೂಗುತ್ತಿದ್ದರು: "ಕರಿ ವೆಕ್ಕಾನಾಣೋ?" ಸಾರು ಮಾಡಲಿಕ್ಕಾ ಎಂದು. ಬ್ರಾಹ್ಮಣರ ಮನೆಯ ಸೊಸೆ ಸಾರಿಗೆ ಸಿಗಡಿ ಹಿಡಿಯುತ್ತಿದ್ದಾಳೆಂದರೆ ಅವರಿಗೆ ನಗು ತಡೆಯುತ್ತಿರಲಿಲ್ಲ.

ಹೆಣ್ಣು ಸಿಗಡಿ ಹೊಟ್ಟೆಯಡಿ ಮೊಟ್ಟೆಗಳನ್ನು ಹೊತ್ತು, ಕಾಲುಗಳಿಂದ ಗಾಳಿ ಹಾಕುತ್ತ ತಿರುಗುತ್ತಿತ್ತು. ಮೊಟ್ಟೆ ಒಡೆದಾಗ ಬಿಸಿಲಿನ ಕೋಲಿನಲ್ಲಿ ಕಾಣುವ ಧೂಳಿನಂಥ ಮರಿಗಳು. ತಲೆ ಕೆಳಗಾಗಿ ನೀರಿನಲ್ಲಿ ತೂಗುತ್ತಿದ್ದವು. ಕೆಲವೇ ದಿನಗಳಲ್ಲಿ ಒಂದೂ ಉಳಿಯುತ್ತಿರಲಿಲ್ಲ. ಒಂದು ಮಳೆಗಾಲವಿಡೀ ಹೀಗೇ ಆಯಿತು. ಬೇಸಗೆ ಬಂದು, ಸಮುದ್ರದ ನೀರು ಒಳಗೆ ಏರಿ, ತೋಡಿನ ನೀರು ಬಾಯಿಗೆ ಹಾಕಿದರೆ ಉಪ್ಪುಪ್ಪಾಗಿದ್ದಾಗ ನನಗೆ ಹೊಳೆಯಿತು. ಇವುಗಳ ಶೈಶವ ಉಪ್ಪುನೀರಿನಲ್ಲಿ ಕಳೆಯುವಂಥದ್ದು. ಸಿಹಿನೀರು ಆಮೇಲಿನದು.

"ಬೋಟುಜೆಟ್ಟಿಯಿಂದ ಒಂದು ಕ್ಯಾನು ನೀರು ತಂದುಕೊಡ್ತೀರಾ?" ಎಂದು ಗಂಡನನ್ನು ಕೇಳಿದೆ. ಗೊಣಗುತ್ತಲೇ ತಂದರು. ಆಫೀಸಿನ ಬಟ್ಟೆಯಲ್ಲಿ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ತುಳುಕುವ ಸೀಮೆಎಣ್ಣೆ ಕ್ಯಾನು. ತಿಂಗಳುಗಟ್ಟಲೆ ತಂದರು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆ ನೀರಿಗೆ ಬಾವಿನೀರು ಬೆರೆಸಿ ಮರಿಗಳನ್ನು ಬಿಟ್ಟೆ. ಈ ಸಲ ಅವು ಸಾಯಲಿಲ್ಲ. ಒಂದು ಬೆಳಿಗ್ಗೆ ಜಾಡಿಯ ಗೋಡೆಗೆ ಮುಖವಿಟ್ಟು ನೋಡುತ್ತಿದ್ದಾಗ, ತಲೆಕೆಳಗಾಗಿ ತೂಗುತ್ತಿದ್ದ ಮರಿಯೊಂದು ಮಗುಚಿ, ಗಾಜಿನ ಮೇಲೆ ಕಾಲೂರಿ, ದೊಡ್ಡ ಸಿಗಡಿಯ ಹಾಗೆಯೇ ನಡೆಯಿತು. ನಾನು ಕೂಗಿದೆ. ಗಂಡ ಮುಖದ ಸೋಪಿನ ನೊರೆಯ ಸಮೇತ ಓಡಿ ಬಂದರು.

"ಎಲ್ಲಿ? ಎಲ್ಲುಂಟು?"

"ಅಲ್ಲಿ ನೋಡಿ, ಪಾಚಿಯ ಪಕ್ಕ."

"ಹೌದು ಮಾರಾಯ್ತಿ! ನಡೀತಾ ಉಂಟು!"

ಇಬ್ಬರೂ ಜಗಲಿಯಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದೆವು. ಅವರು ಬೋಟು ತಪ್ಪಿಸಿಕೊಂಡರು. ನಮ್ಮ ದಾಂಪತ್ಯದಲ್ಲಿ ಅದಕ್ಕಿಂತ ಒಳ್ಳೆಯ ಬೆಳಗು ನನಗೆ ನೆನಪಿಲ್ಲ.

ಅವರು ಅದನ್ನು ಕಚೇರಿಯಲ್ಲಿ ಹೇಳಿದರು. ಒಂದು ಭಾನುವಾರ ಅವರ ಮೇಲಧಿಕಾರಿ ನೋಡಲು ಬಂದರು. ಮಲಯಾಳಿಗಳು, ಸಜ್ಜನರು, ಮೀನಿನ ಹುಚ್ಚಿನವರು. ನಾನು ಒಳಗೆ ಕಾಫಿ ಸೋಸುತ್ತಿದ್ದೆ. ಜಗಲಿಯಿಂದ ಗಂಡನ ಇಂಗ್ಲಿಷು ಕೇಳಿಸಿತು. ನಾನು ಉಪ್ಪುನೀರು ಹಾಕಿ ನೋಡಿದೆ ಸಾರ್, ನಾನು ಡಬ್ಬಕ್ಕೆ ತೂತು ಮಾಡಿದೆ ಸಾರ್. ಪ್ರತಿ ವಾಕ್ಯದಲ್ಲೂ ನಾನು, ನಾನು. ಕಾಫಿ ಕೊಡಲು ಹೋದಾಗ ಅಧಿಕಾರಿ ನನಗೆ ನಮಸ್ಕರಿಸಿ, "ನಿಮ್ಮ ಗಂಡನಂಥವರು ಗುಮಾಸ್ತಗಿರಿ ಮಾಡುತ್ತಿರುವುದು ದೇಶಕ್ಕೆ ನಷ್ಟ" ಅಂದರು.

ಅವರು ಹೋದ ಮೇಲೆ, ನನ್ನ ಮಾತು ಯಾಕೆ ಎತ್ತಲಿಲ್ಲ ಎಂದು ಕೇಳಿದೆ.

"ಅವರ ಎದುರು ಹೆಂಡತಿ ಹೆಂಡತಿ ಅಂತಿದ್ದರೆ ಚಂದ ಇರ್ತದಾ?" ಅಂದರು ಗಂಡ. "ನಾನು, ನೀನು ಅಂತ ಬೇರೆ ಉಂಟಾ ನಮ್ಮಲ್ಲಿ?"

ಇಲ್ಲ ಅನ್ನಿಸುವಂತೆ ಹೇಳಿದ್ದರು. ನಾನು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಸ್ವಲ್ಪ ಸಮಯದಲ್ಲಿ ಆ ಅಧಿಕಾರಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಅಲ್ಲಿ ಪಟ್ಟಂ ಎಂಬ ಬಡಾವಣೆಯ ಒಂದು ಸಭಾಂಗಣದಲ್ಲಿ ನೌಕರರ ಹವ್ಯಾಸಗಳ ಪ್ರದರ್ಶನವಿದೆ, ಅಟ್ಟಣಿಗೆಯನ್ನು ಹಾಗೇ ತನ್ನಿ ಎಂದು ಹೇಳಿಕಳಿಸಿದರು. ಖಾಲಿ ತೊಟ್ಟಿಗಳು ಬೈಹುಲ್ಲಿನ ನಡುವೆ ಲಾರಿಯಲ್ಲಿ ಹೋದವು. ಮೀನು, ಸಿಗಡಿಗಳು ಬಾಯಿಗೆ ಬಟ್ಟೆ ಕಟ್ಟಿದ ಮಡಕೆಗಳಲ್ಲಿ, ರೈಲಿನಲ್ಲಿ, ನನ್ನ ಮಡಿಲಲ್ಲಿ. ದಾರಿಯುದ್ದಕ್ಕೂ ನಿಲ್ದಾಣ ಬಂದಾಗಲೆಲ್ಲ ಬಟ್ಟೆ ಸರಿಸಿ ಕೈಯಿಂದ ನೀರು ಎತ್ತಿ ಎತ್ತಿ ಹುಯ್ದೆ. ಒಂದೂ ಸಾಯದೆ ಮುಟ್ಟಿದವು. ಸಭಾಂಗಣದಲ್ಲಿ ಅಟ್ಟಣಿಗೆ ನಿಲ್ಲಿಸಿ, ಸೋರುವ ಕಡೆ ಪುಟ್ಟಿ ಮೆತ್ತಿ, ಕೈತೊಳೆದು ಬರುವಷ್ಟರಲ್ಲಿ ಮುಂದೆ ಒಂದು ರಟ್ಟಿನ ಫಲಕ ತೂಗುಹಾಕಿದ್ದರು. ಅದರ ಮೇಲೆ ಗಂಡನ ಹೆಸರು, ಹುದ್ದೆ.

ಮಧ್ಯಾಹ್ನ ಮೀನುಗಾರಿಕೆಯ ತಜ್ಞರೊಬ್ಬರು ಬಂದರು. ಸಿಗಡಿಯ ತೊಟ್ಟಿಯ ಮುಂದೆ ಬಹಳ ಹೊತ್ತು ಬಗ್ಗಿ ನಿಂತು, ನೀರಿನಲ್ಲಿ ಉಪ್ಪು ಎಷ್ಟಿಟ್ಟಿದ್ದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಗಂಡ ನನ್ನತ್ತ ತಿರುಗಿ ಮೆಲ್ಲಗೆ ಕನ್ನಡದಲ್ಲಿ ಅಂದರು: "ಉಪ್ಪು ಎಷ್ಟು?"

"ಜೆಟ್ಟಿಯ ನೀರು ಎರಡು ಪಾಲು, ಬಾವಿಯದು ಒಂದು."

ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ತಜ್ಞರು ನನ್ನನ್ನೊಮ್ಮೆ ನೋಡಿ, ಮತ್ತೆ ಅವರನ್ನೇ ಕೇಳಿದರು. ಸಿಹಿನೀರಿಗೆ ಯಾವಾಗ ಬದಲಿಸಿದಿರಿ? ಹೇಗೆ ನಿರ್ಧರಿಸಿದಿರಿ?

"ಸಿಹಿನೀರಿಗೆ ಯಾವಾಗ ಹಾಕಿದ್ದು?"

ಮರಿ ಮಗುಚಿ ನಡೆಯತೊಡಗಿದಾಗ. ಉತ್ತರ ಅಷ್ಟೇ. ಆ ಬೆಳಿಗ್ಗೆ ನನ್ನ ಪಕ್ಕದಲ್ಲೇ ಕೂತು ನೋಡಿದವರಿಗೆ ಅದು ಮರೆತುಹೋಗಿತ್ತು.

"ನನಗೆ ಗೊತ್ತಿಲ್ಲ" ಅಂದೆ.

"ಎಂತ ಗೊತ್ತಿಲ್ಲ? ಬೇಗ ಹೇಳು."

"ಸಾಕಿದ್ದು ನೀವಲ್ಲವಾ?"

ಅವರ ಕಿವಿ ಕೆಂಪಾಯಿತು. ಒಂದು ಕ್ಷಣ ಅಷ್ಟೇ. ತಜ್ಞರತ್ತ ತಿರುಗಿ, ಹುಣ್ಣಿಮೆ ಕಳೆದ ಮೇಲೆ ಸಾರ್, ಚಂದ್ರನಿಗೂ ಇವಕ್ಕೂ ಸಂಬಂಧವಿದೆ ಅಂದರು. ಈಗ ಸಿಕ್ಕಿಬಿದ್ದರು ಎಂದು ನಾನು ಕಾದೆ. ತಜ್ಞರ ಮುಖ ಅರಳಿತು. "ಬಹಳ ಸ್ವಾರಸ್ಯಕರ" ಎಂದು ಕೈಕುಲುಕಿ ಮುಂದೆ ಹೋದರು. ನಿಜ ಗೊತ್ತಿದ್ದವಳು ನಾನೊಬ್ಬಳೇ, ಅದರಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ.

ಸಂಜೆ ಗಂಡನಿಗೆ ಬಹುಮಾನವಾಗಿ ಒಂದು ಕಪ್ ಕೊಟ್ಟರು. ವೇದಿಕೆಯ ಮೇಲಿಂದಲೇ ಅವರು ಆ ಅಧಿಕಾರಿಯತ್ತ ತಿರುಗಿ, ಇದೆಲ್ಲವನ್ನೂ ನಮ್ಮ ಸಾರ್‌ಗೆ ಪ್ರೀತಿಯ ಕಾಣಿಕೆಯಾಗಿ ಒಪ್ಪಿಸುತ್ತೇನೆ ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು. ನಾನು ಖಾಲಿ ಮಡಕೆಗಳ ಪಕ್ಕ ನಿಂತಿದ್ದೆ. ರೈಲಿನಲ್ಲಿ ವಾಪಸು ಬರುವಾಗ ಅವರು ಅಂದರು, "ಹೊಸದು ಮಾಡಿಕೊಳ್ಳುವಾ. ನಿನಗೆ ಹೇಗೂ ಬರ್ತದಲ್ಲ."

ಮುಂದಿನ ವರ್ಷ ಅವರು ಬಯಸಿದ್ದ ಹುದ್ದೆಯೊಂದಿಗೆ ತಿರುವನಂತಪುರಕ್ಕೆ ವರ್ಗ ಸಿಕ್ಕಿತು. ಮನೆ ಹೊಂದಿಸಿಕೊಂಡದ್ದೇ ಗಂಡ ನನ್ನನ್ನು ಪಟ್ಟಂನ ಅಧಿಕಾರಿಯ ಮನೆಗೆ ಕರೆದುಕೊಂಡು ಹೋದರು. ಹೆಂಡತಿ ವಾರಕ್ಕೊಮ್ಮೆ ಬಂದು ತೊಟ್ಟಿಗಳನ್ನು ನೋಡಿಕೊಂಡು ಹೋಗುತ್ತಾಳೆ ಎಂದು ಮೊದಲೇ ಮಾತು ಕೊಟ್ಟುಬಿಟ್ಟಿದ್ದರು. ನೋಡಿಕೊಳ್ಳಲು ಏನೂ ಉಳಿದಿರಲಿಲ್ಲ. ನನ್ನ ಅಟ್ಟಣಿಗೆ ಸಿಟೌಟ್ ಎನ್ನುವ ಮುಂದಿನ ಜಗಲಿಯಲ್ಲಿತ್ತು, ಹೊಸದಾಗಿ ಹಸಿರು ಬಣ್ಣ ಬಳಿದು, ಕ್ರೋಟನ್ ಗಿಡಗಳ ಕುಂಡ ಜೋಡಿಸಿದ್ದರು.

ಗಂಡಸರು ಒಳಗೆ ಕೂತಾಗ ಅಧಿಕಾರಿಯ ಹೆಂಡತಿ ನನ್ನನ್ನು ಹಿತ್ತಿಲಿಗೆ ಕರೆದರು. ನಡುವಯಸ್ಸಿನ, ಮಾತಿಗೆ ಯಾರೂ ಸಿಗದ ಹೆಂಗಸು. ಇಂಗ್ಲಿಷು ಮಲಯಾಳ ಬೆರೆಸಿ ಮಾತಾಡುತ್ತಿದ್ದರು.

"ಕ್ಷಮಿಸು, ಕುಟ್ಟೀ. ಕೆಟ್ಟ ವಾಸನೆ ಬರುತ್ತಿತ್ತು. ಕೆಲಸದವಳಿಗೆ ಹೇಳಿ ಸೋಪು ಹಾಕಿ ತೊಳೆಸಿದೆ. ಎಲ್ಲ ಸತ್ತವು." ಆಮೇಲೆ ನನ್ನ ಮುಖ ನೋಡಿ ಕೇಳಿದರು: "ಅವನ್ನು ಸಾಕಿದ್ದು ನೀನಲ್ಲವಾ?"

"ಹೌದು."

"ನನಗೆ ಗೊತ್ತಿತ್ತು. ನಿನ್ನ ಗಂಡ ಹಿಂದೊಮ್ಮೆ ಇಲ್ಲಿ ಬಂದಾಗ ಒಂದು ಸಿಗಡಿಯನ್ನೂ ಸರಿಯಾಗಿ ನೋಡಲಿಲ್ಲ. ಗೋಡೆಯ ಮೇಲಿನ ನಮ್ಮ ಫೋಟೋಗಳನ್ನೇ ನೋಡುತ್ತಿದ್ದರು."

"ಮತ್ತೆ ಸಾರ್‌ಗೆ ಹೇಳಲಿಲ್ಲವಾ?"

"ಹೇಳಿದೆ. 'ಇರಬಹುದು' ಅಂದರು. ಅಷ್ಟೇ."

ನನಗೆ ಆ ಹೆಂಗಸಿನ ಮೇಲೆ ಸಿಟ್ಟು ಬಂತು, ಅಯ್ಯೋ ಅಂತಲೂ ಅನ್ನಿಸಿತು. ಹೊರಡುವಾಗ ಅವರೇ ನನ್ನ ಗಂಡನಿಗೆ ಹೇಳಿದರು, ಹತ್ತಿರದ ಹೆಣ್ಣುಮಕ್ಕಳ ಶಾಲೆಯಲ್ಲಿ ಜೀವಶಾಸ್ತ್ರಕ್ಕೆ ಟೀಚರು ಬೇಕಂತೆ, ನಿಮ್ಮ ಹೆಂಡತಿಯನ್ನು ಕಳಿಸಿ, ನಾನು ಮಾತಾಡುತ್ತೇನೆ. ಗಂಡ ಎದ್ದು ನಿಂತು, "ಓಹೋ, ಧಾರಾಳವಾಗಿ, ಮೇಡಂ" ಅಂದರು. ಒಂದು ಕ್ಷಣವೂ ಯೋಚಿಸಲಿಲ್ಲ. ಹಾಗೆ ನನಗೆ ಕೆಲಸ ಸಿಕ್ಕಿತು. ನಿವೃತ್ತಿಯ ತನಕ ಅಲ್ಲೇ ಪಾಠ ಮಾಡಿದೆ. ಶಾಲೆಯಲ್ಲಿ ಮೀನಿನ ತೊಟ್ಟಿ ಇಡೋಣವೆಂದು ಮಕ್ಕಳು ಕೇಳಿದಾಗಲೆಲ್ಲ ಜಾಗವಿಲ್ಲ ಅನ್ನುತ್ತಿದ್ದೆ. ಜಾಗ ಬೇಕಾದಷ್ಟಿತ್ತು.

ನಮ್ಮ ಮಗಳು ತಿರುವನಂತಪುರದಲ್ಲೇ ಹುಟ್ಟಿ ಬೆಳೆದವಳು. ನಾವು ಕನ್ನಡದಲ್ಲಿ ಮಾತಾಡಿದರೆ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು. ಅವಳು ಹೈಸ್ಕೂಲಿನಲ್ಲಿದ್ದಾಗ ಊರಿನಿಂದ ನೆಂಟರು ಬಂದಿದ್ದರು. ಊಟದ ಹೊತ್ತಿಗೆ ಗಂಡ ಎಂದಿನಂತೆ ಎರ್ನಾಕುಲದ ಕತೆ ತೆಗೆದರು. ಮಗಳು ಕೇಳಿದಳು: "ಅಪ್ಪೋಳ್ ಅಮ್ಮ ಎಂದಾ ಚೆಯ್ದತ್?" ಆಗ ಅಮ್ಮ ಏನು ಮಾಡಿದಳು ಎಂದು.

"ಅಮ್ಮ ಸಹಾಯ ಮಾಡ್ತಿದ್ದಳು."

ನಾನು ಅನ್ನದ ಪಾತ್ರೆ ಕೆಳಗಿಟ್ಟೆ. "ಇಲ್ಲ. ಸಾಕಿದ್ದು ನಾನು. ಅಪ್ಪ ನೀರು ತಂದುಕೊಡ್ತಿದ್ದರು."

ಮಗಳು ಅಪ್ಪನ ಮುಖ ನೋಡಿದಳು. ಅವರು ನೆಂಟರತ್ತ ಕಣ್ಣು ಮಿಟುಕಿಸಿದರು. ಎಲ್ಲರೂ ನಕ್ಕರು, ಮಗಳೂ ನಕ್ಕಳು. ನಾನು ತಮಾಷೆ ಮಾಡಿದೆನೆಂದು ಅವರೆಲ್ಲ ತಿಳಿದರು. ಗಂಡನಂತೂ ಅಷ್ಟು ವರ್ಷ ಹೇಳಿ ಹೇಳಿ, ತಾನೇ ಸಾಕಿದ್ದೆಂದು ನಿಜವಾಗಿಯೇ ನಂಬಿದ್ದರೆಂದು ನನಗೆ ಆ ದಿನ ಗೊತ್ತಾಯಿತು. ಸುಳ್ಳು ಹೇಳುವವರೊಡನೆ ಜಗಳವಾಡಬಹುದಿತ್ತು.

ಅವರು ತೀರಿಕೊಂಡು ಬಹಳ ಕಾಲವಾಯಿತು. ಕೊನೆಯ ಕಾಯಿಲೆಯಲ್ಲಿ ನಾನೇ ನೋಡಿಕೊಂಡೆ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಅವರ ಜೊತೆಗೆ ನನ್ನ ಸಿಟ್ಟೂ ಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ. ಮಗಳಿಗೆ ಇನ್ನೊಮ್ಮೆ ಹೇಳೋಣವೆಂದು ಕೆಲವು ಸಲ ಬಾಯಿಯ ತನಕ ಬರುತ್ತದೆ. ಸತ್ತ ಅಪ್ಪನ ಮೇಲೆ ಈಗ ಯಾಕಮ್ಮ ದೂರು ಅನ್ನುತ್ತಾಳೆಂದು ಗೊತ್ತು, ಬೇರೆ ಮಾತು ತೆಗೆಯುತ್ತೇನೆ.